ಗುರುತಿಲ್ಲದವರಿಗೆ ಬರೆದ ಸಂದೇಶ: ಗಡಿನಾಡ ಕನ್ನಡದ ದನಿಗಳನ್ನು ಆರಿಸುವವರು ಯಾರು?

ಗಡಿನಾಡಿನವರ ಮಾತು ಏನು ಹೇಳುತ್ತದೆ ಅಂತ ನಾವೆಲ್ಲ ಕೇಳುತ್ತೇವೆ. ನಾನು ಅದಕ್ಕಿಂತ ಒಂದು ಹೆಜ್ಜೆ ಹಿಂದಿನ ಪ್ರಶ್ನೆ ಎತ್ತಿಕೊಂಡಿದ್ದೇನೆ: ಆ ಮಾತಾಡುವವರು ನಮಗೆ ಸಿಗೋದು ಹೇಗೆ? ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ಕನ್ನಡ ಮನೆಗಳ ನೆನಪುಗಳನ್ನು ನಾವು ಕೆಲವು ಸಹಪಾಠಿಗಳು ಪಾಡ್‌ಕಾಸ್ಟ್ ಆಗಿ ದಾಖಲಿಸುತ್ತಿದ್ದೇವೆ. ಅತಿಥಿಗಳಿಗಾಗಿ ಲಿಂಕ್ಡ್‌ಇನ್‌ನಲ್ಲಿ ಗುರುತು ಪರಿಚಯ ಇಲ್ಲದವರಿಗೂ ಸಂದೇಶ ಕಳಿಸುತ್ತೇವೆ. ಈ ಕೆಲಸದಿಂದ ನನಗೆ ಹೊಳೆದದ್ದು ಇಷ್ಟು: ಜನರನ್ನು ಹುಡುಕುವ ದಾರಿ ಯಾವುದು ಅನ್ನೋದರ ಮೇಲೆ, ಬರೆಯಲಿರುವ ಇತಿಹಾಸದ ಅರ್ಧ ಭಾಗ ಮೊದಲೇ ತೀರ್ಮಾನವಾಗಿರುತ್ತದೆ.

ಇದು ಹೊಸ ಸಮಸ್ಯೆ ಅಲ್ಲ. ಜಾರ್ಜ್ ಗ್ರಿಯರ್ಸನ್ ಅವರ ಭಾರತೀಯ ಭಾಷಾ ಸಮೀಕ್ಷೆಯನ್ನೇ ನೋಡಿ. ಗ್ರಿಯರ್ಸನ್ ಮನೆಮನೆಗೆ ಹೋಗಲಿಲ್ಲ, ಜಿಲ್ಲಾಧಿಕಾರಿಗಳಿಗೆ ಬರೆದರು. ಬೈಬಲಿನ ದುಂದುಗಾರ ಮಗನ ಕತೆಯನ್ನು ಸ್ಥಳೀಯ ಮಾತಿಗೆ ತಿರುಗಿಸಿ ಕೊಡಿ, ಅಲ್ಲಿಯದೇ ಒಂದು ಕತೆಯನ್ನೋ ಹೇಳಿಕೆಯನ್ನೋ ಬರೆಸಿ ಕೊಡಿ, ಜೊತೆಗೆ ಈ ಪದಗಳ, ವಾಕ್ಯಗಳ ಪಟ್ಟಿಯನ್ನು ತುಂಬಿಸಿ ಕೊಡಿ ಅಂತ ಕೇಳಿದರು. ಮಾತಾಡುವವರನ್ನು ಆರಿಸಿದ್ದು ಕಚೇರಿಗಳು. ದ್ರಾವಿಡ ಭಾಷೆಗಳನ್ನು ಒಳಗೊಂಡ ನಾಲ್ಕನೆಯ ಸಂಪುಟ ಸ್ಟೆನ್ ಕೊನೊವ್ ಅವರ ಕೈಯಲ್ಲಿ ಸಿದ್ಧವಾಗಿ 1906ರಲ್ಲಿ ಹೊರಬಂತು.

ಆದರೆ ಮದ್ರಾಸು ಪ್ರಾಂತ, ಮೈಸೂರು ಸಂಸ್ಥಾನ, ಹೈದರಾಬಾದು ಸಂಸ್ಥಾನ ಈ ಮೂರೂ ಆ ಸಮೀಕ್ಷೆಯ ವ್ಯಾಪ್ತಿಯ ಹೊರಗಿದ್ದವು. ಈಗ ನಮ್ಮ ವಿಚಾರಸಂಕಿರಣದ ಊರುಗಳನ್ನು ಆ ನಕ್ಷೆಯ ಮೇಲಿಟ್ಟು ನೋಡೋಣ. ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ವಯನಾಡು ಮಲಬಾರಿನಲ್ಲಿ. ಹೊಸೂರು ಸೇಲಂ ಜಿಲ್ಲೆಗೆ, ತಾಳವಾಡಿ ಕೊಯಮತ್ತೂರಿಗೆ, ಆದೋನಿ ಮತ್ತು ರಾಯದುರ್ಗ ಬಳ್ಳಾರಿಗೆ, ಮಡಕಶಿರಾ ಅನಂತಪುರಕ್ಕೆ ಸೇರಿದ್ದವು. ನೀಲಗಿರಿಯೂ ಸೇರಿ ಇವೆಲ್ಲ ಮದ್ರಾಸು ಪ್ರಾಂತದವು. ಪಶ್ಚಿಮ ತೆಲಂಗಾಣ ಹೈದರಾಬಾದಿನದು, ಗೋವಾ ಪೋರ್ಚುಗೀಸರದು. ಅಂದರೆ ಇಲ್ಲಿ ಕೂತಿರುವ ನಮ್ಮಲ್ಲಿ ಹೆಚ್ಚಿನವರ ಅಜ್ಜ ಅಜ್ಜಿಯರ ಊರಿಗೆ ಆ ಪ್ರಶ್ನಾವಳಿ ಹೋಗಲೇ ಇಲ್ಲ. ಮುಂಬಯಿ ಪ್ರಾಂತದ ಕಡೆಗಿದ್ದ ಸೊಲ್ಲಾಪುರದ ಸೀಮೆ ಮಾತ್ರ ಅದರ ದಾರಿಯಲ್ಲಿತ್ತು. ಸಮೀಕ್ಷೆಗೆ ಸೇರಿದ ಗ್ರಾಮಫೋನ್ ಧ್ವನಿಮುದ್ರಣ ಆಮೇಲೆ ಮದ್ರಾಸನ್ನೂ ತಲುಪಿತು ನಿಜ. ಆಗಲೂ ದನಿಗಳನ್ನು ಹುಡುಕಿ ತಂದದ್ದು ಸರಕಾರಿ ವ್ಯವಸ್ಥೆಯೇ.

ಅಮೆರಿಕದಲ್ಲಿ 1948ರಲ್ಲಿ ಅಲನ್ ನೆವಿನ್ಸ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮೌಖಿಕ ಇತಿಹಾಸದ ಕೇಂದ್ರ ಕಟ್ಟಿದಾಗಲೂ ಹೀಗೇ ಆಯಿತು. ಮೊದಮೊದಲು ಅಲ್ಲಿ ದಾಖಲಾದವರು ಹೆಚ್ಚಾಗಿ ರಾಜಕಾರಣ, ಆಡಳಿತ, ವ್ಯಾಪಾರಗಳಲ್ಲಿ ಹೆಸರು ಮಾಡಿದವರು. ವಿಳಾಸ ಇದ್ದವರಿಗೆ ದನಿಯೂ ಸಿಕ್ಕಿತು.

ಈಗ ಲಿಂಕ್ಡ್‌ಇನ್‌ಗೆ ಬರೋಣ. 2003ರಲ್ಲಿ ಶುರುವಾದ ಈ ಜಾಲ ಮನುಷ್ಯನನ್ನು ಹುದ್ದೆ, ಕಂಪನಿ, ಓದಿದ ಸಂಸ್ಥೆ, ಈಗಿರುವ ಊರುಗಳಿಂದ ಗುರುತಿಸುತ್ತದೆ. ಅಕ್ಕಲಕೋಟ ಕಡೆಯ ಹುಡುಗ ಅಲ್ಲಿ ಪುಣೆಯವನಾಗಿ ಕಾಣಿಸುತ್ತಾನೆ. ಅದಕ್ಕೇ ನಾವು ಈಗಿನ ಊರು ಬಿಟ್ಟು, ಓದಿದ ಶಾಲೆ ಕಾಲೇಜಿನ ಹೆಸರಿನಿಂದ ಹುಡುಕುತ್ತೇವೆ. ಗಡಿ ದಾಟಿ ಹೋದವರ ಹಳೆಯ ಊರು ಅಡಗಿರೋದು ಅಲ್ಲೇ.

ಪ್ರೊಫೈಲಿನಲ್ಲಿ ಗೊತ್ತಿರುವ ಭಾಷೆಗಳನ್ನು ನಮೂದಿಸುವ ಜಾಗವೂ ಒಂದಿದೆ. ನಾವು ಮಾತಾಡಿಸಿದ ಹಲವರು ಅಲ್ಲಿ ಇಂಗ್ಲಿಷ್, ಹಿಂದಿ, ಮರಾಠಿ ಬರೆದಿದ್ದರು. ಕನ್ನಡ ಇರಲಿಲ್ಲ. ಯಾಕ್ರಿ ಅಂದ್ರೆ, "ಅದು ಮನ್ಯಾಗ ಮಾತಾಡೋದಲ್ರಿ, ಅಲ್ಲೇನ್ ಬರಿಯೂದು?" ಅಂದರು ಒಬ್ಬರು. ಅವರಿಗೆ ನಾಚಿಕೆಯೇನೂ ಇರಲಿಲ್ಲ. ಕೆಲಸಕ್ಕೆ ಬರುವ ಭಾಷೆಯ ಪಟ್ಟಿಗೆ ಮನೆಮಾತು ಸೇರುತ್ತದೆ ಅಂತ ಅವರಿಗೆ ಅನಿಸಿಯೇ ಇರಲಿಲ್ಲ. ಜನಗಣತಿಯಲ್ಲಿ ಮಾತೃಭಾಷೆ ಯಾವುದು ಅಂತ ಯಾರೋ ಬಂದು ಕೇಳುತ್ತಾರೆ. ಇಲ್ಲಿ ಕೇಳುವವರಿಲ್ಲ, ಬೇಕೆನಿಸಿದ್ದನ್ನು ತಾವೇ ಬರೆಯಬೇಕು. ಮುಂದೊಂದು ದಿನ ಯಾರಾದರೂ ಈ ಪಟ್ಟಿಗಳನ್ನಷ್ಟೇ ಆಧಾರ ಮಾಡಿಕೊಂಡರೆ, ಸೊಲ್ಲಾಪುರದ ಒಂದು ತಲೆಮಾರಿಗೆ ಕನ್ನಡವೇ ಬರುತ್ತಿರಲಿಲ್ಲ ಅಂತ ಬರೆದಾರು.

ಇಂಥ ಪಟ್ಟಿಯಲ್ಲಿ ಯಾರು ತಪ್ಪಿಹೋಗಬಹುದು ಅನ್ನೋದಕ್ಕೆ ಸೊಲ್ಲಾಪುರದ್ದೇ ದೊಡ್ಡ ಉದಾಹರಣೆ ಇದೆ. ಜಯದೇವಿತಾಯಿ ಲಿಗಾಡೆ ಶಾಲೆಯಲ್ಲಿ ಓದಿದ್ದು ಮರಾಠಿ. ಕನ್ನಡವನ್ನು ಸ್ವಂತ ಶ್ರಮದಿಂದ ಕಲಿತು ಸೊನ್ನಲಿಗೆಯ ಸಿದ್ಧರಾಮನ ಮೇಲೆ ಮಹಾಕಾವ್ಯ ಬರೆದರು. 1974ರ ಮಂಡ್ಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, ಆ ಪೀಠ ಏರಿದ ಮೊದಲ ಮಹಿಳೆ ಅವರು. ಹುದ್ದೆ ಮತ್ತು ಪದವಿಯ ಮೇಲೆ ಹುಡುಕಿದ್ದರೆ ಅವರು ಕನ್ನಡದವರು ಅಂತ ಯಾರಿಗೆ ಗೊತ್ತಾಗುತ್ತಿತ್ತು?

ಸಂದೇಶದ ಭಾಷೆಯ ಬಗ್ಗೆಯೂ ಒಂದು ಮಾತು. ಪರಿಚಯದ ಕೋರಿಕೆಯಲ್ಲಿ ಸಿಗೋದು ಎರಡು ಮೂರು ಸಾಲಿನ ಜಾಗ. ನಮ್ಮ ಕಣ್ಣಿಗೆ 'ಸೊಲ್ಲಾಪುರ' ನಾಲ್ಕೇ ಅಕ್ಷರ, ಯುನಿಕೋಡ್ ಲೆಕ್ಕದಲ್ಲಿ ಕಾಗುಣಿತ, ಒತ್ತು ಎಲ್ಲ ಸೇರಿ 9 ಸಂಕೇತ. ಹೀಗಾಗಿ ಕನ್ನಡದಲ್ಲಿ ಬರೆಯುವವರು ಮಾತನ್ನು ಇನ್ನೂ ಬಿಗಿ ಮಾಡಬೇಕು. ನಾವು ಎರಡು ಬಗೆಯಲ್ಲಿ ಬರೆದು ನೋಡಿದೆವು. ಒಂದರಲ್ಲಿ ವಿಭಾಗ, ಸಂಶೋಧನೆ, ಉದ್ದೇಶ ಎಲ್ಲ ಇತ್ತು. ಇನ್ನೊಂದು ಹೀಗಿತ್ತು: "ನಮಸ್ಕಾರ ರೀ. ನಮ್ಮದು ಅಕ್ಕಲಕೋಟ ತಾಲೂಕು. ನಿಮ್ಮ ಸಾಲಿ ಹೆಸರು ನೋಡಿ ಬರೀಲಿಕ್ಕತ್ತೀನಿ. ನಿಮ್ಮ ಮನ್ಯಾಗ ಕನ್ನಡ ಮಾತಾಡ್ತಾರೇನ್ರಿ?" ಉತ್ತರ ಹೆಚ್ಚು ಬಂದದ್ದು ಎರಡನೆಯದಕ್ಕೆ. ಬಂದ ಉತ್ತರಗಳಲ್ಲಿ ಮೊದಲ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ: "ತಾಲೂಕ ಆತು, ಊರು ಯಾವುದ್ರಿ?" ಜಾಲ ಕೇಳೋದು ಕೆಲಸ ಯಾವುದು ಅಂತ. ನಮ್ಮ ಕಡೆಯವರು ಕೇಳೋದು ಊರು ಯಾವುದು ಅಂತ. ಪರಿಚಯದ ಹಳೆಯ ಪದ್ಧತಿ ಹೊಸ ಜಾಲದೊಳಗೂ ಉಳಿದುಕೊಂಡಿದೆ.

ಹೀಗೆ ಸಿಕ್ಕ ಒಬ್ಬ ಇಂಜಿನಿಯರ್ ತಾವು ಮಾತಾಡಲಿಲ್ಲ, ಸೊಲ್ಲಾಪುರದ ಗಿರಣಿಯಲ್ಲಿ ದುಡಿದ ತಮ್ಮ ಮುತ್ಯಾನ ಹತ್ತಿರ ಕಳಿಸಿದರು. "ಮೊದಲನೇ ಭೋಂಗಾ ಆತಂದ್ರ ಓಣಿಗೆ ಓಣೀನ ಏಳ್ತಿತ್ತು ನೋಡಪ್ಪಾ" ಅಂತ ಮುತ್ಯಾ ಶುರು ಮಾಡಿದರು. ಭೋಂಗಾ ಅಂದರೆ ಗಿರಣಿಯ ಸೈರನ್, ಮರಾಠಿಯ ಮಾತು. ಕನ್ನಡ, ಮರಾಠಿ, ತೆಲುಗು, ಉರ್ದು ಒಂದೇ ಪಾಳಿಯಲ್ಲಿ ದುಡಿದ ಊರಿನ ಕನ್ನಡ ಇದು. ಮುತ್ಯಾಗೆ ಲಿಂಕ್ಡ್‌ಇನ್ ಗೊತ್ತಿಲ್ಲ. ಮೊಮ್ಮಗ ಹೂಂ ಅಂದದ್ದು ಮುತ್ಯಾನ ಒಪ್ಪಿಗೆ ಆಗೋದಿಲ್ಲ. ಅದಕ್ಕೇ ಮುದ್ರಣಕ್ಕೆ ಮೊದಲು ಅವರನ್ನೇ ಬೇರೆಯಾಗಿ ಕೇಳಿದೆವು, ಆಮೇಲೆ ಅವರಿಗೇ ಪೂರ್ತಿ ಕೇಳಿಸಿ, ಬೇಡ ಅಂದ ಭಾಗ ತೆಗೆದೆವು.

ಈ ಜಾಲ ಕೆಲಸಕ್ಕೆ ಬರೋದಿಲ್ಲ ಅಂತ ನಾನು ಹೇಳುತ್ತಿಲ್ಲ. ಅದು ಬಾಗಿಲು ತೋರಿಸುತ್ತದೆ, ಮನೆಯೊಳಗೆ ಇನ್ನೊಬ್ಬರನ್ನು ಕೇಳಿಯೇ ಹೋಗಬೇಕು. ಮೊಮ್ಮಕ್ಕಳು ಇಂಥ ಜಾಲದಲ್ಲಿ ಇಲ್ಲದ ಮನೆಗಳಿಗೆ, ಅಂದರೆ ಕೂಲಿಯವರ, ಊರು ಬಿಡದ ರೈತರ, ಶಾಲೆ ಬಿಟ್ಟ ಹೆಣ್ಣುಮಕ್ಕಳ ಮನೆಗಳಿಗೆ, ಈ ದಾರಿ ಹೋಗೋದೇ ಇಲ್ಲ. ಅಲ್ಲಿಗೆ ಸಂತೆ, ಜಾತ್ರೆ, ಕನ್ನಡ ಶಾಲೆಯ ಮಾಸ್ತರರ ಮೂಲಕವೇ ಹೋಗಬೇಕು.

ಈ ಸಂಕಿರಣದ ಮುಂದೆ ನನ್ನ ಸಲಹೆ ಒಂದೇ. ನಾವು ಸಂಗ್ರಹಿಸುವ ಪ್ರತಿ ಸಂದರ್ಶನದ ಜೊತೆ ಊರು, ವಯಸ್ಸು, ಭಾಷೆ ಬರೆಯುತ್ತೇವಲ್ಲ, ಅದರ ಕೆಳಗೆ ಇನ್ನೊಂದು ಸಾಲು ಸೇರಿಸೋಣ: ಇವರನ್ನು ತಲುಪಿದ್ದು ಯಾರ ಮೂಲಕ, ಯಾವ ದಾರಿಯಿಂದ. ಮುಂದೆ ಈ ದನಿಗಳನ್ನು ಕೇಳುವವರಿಗೆ ಯಾರ ಮಾತು ಇಲ್ಲಿಲ್ಲ ಅನ್ನೋದೂ ಆ ಒಂದು ಸಾಲಿನಿಂದ ತಿಳಿಯುತ್ತದೆ.