ಕೃಷ್ಣಾ ತೀರದ ಶಿಲಾರಚನೆ ಮತ್ತು ದಂಡೆ ಸವೆತ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ನೆಲವನ್ನು ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಕೊರೆದು ರೂಪಿಸಿವೆ. ಎಲ್ಲಿ ದಂಡೆ ನಿಲ್ಲುತ್ತದೆ, ಎಲ್ಲಿ ಕುಸಿಯುತ್ತದೆ ಎಂಬುದು ನೀರಿನ ರಭಸವನ್ನಷ್ಟೇ ಅಲ್ಲ, ಕಲ್ಲಿನ ಪದರ ಮತ್ತು ಬಿರುಕುಗಳನ್ನೂ ಅವಲಂಬಿಸಿದೆ.

ಶಿಲೆಯ ಹುಟ್ಟು

ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿದ ಲಾವಾ ಪದರ ಪದರವಾಗಿ ಹೆಪ್ಪುಗಟ್ಟಿ ದಖ್ಖನ್ ಟ್ರ್ಯಾಪ್ ಆಯಿತು. ಈ ಕರಿಕಲ್ಲಿನ ಪದರಗಳೆಲ್ಲ ಒಂದೇ ಗಟ್ಟಿಯಲ್ಲ. ಕೆಲವು ನಿಬಿಡವಾಗಿದ್ದರೆ ಕೆಲವು ಗಾಳಿಗುಳ್ಳೆಗಳಿಂದ ತೂತಾಗಿವೆ. ಕೆಲವೆಡೆ ಎರಡು ಪದರಗಳ ನಡುವೆ ಇಟ್ಟಿಗೆ ಬಣ್ಣದ ಮಣ್ಣು ಸಿಕ್ಕಿಕೊಂಡಿದೆ. ಮೆತ್ತನೆಯ ಪದರ ಬೇಗ ಸವೆದು ಗಟ್ಟಿ ಪದರ ಉಳಿಯುವುದರಿಂದ ಗುಡ್ಡಗಳು ಮೆಟ್ಟಿಲುಗಳಂತೆ ಇಳಿಯುತ್ತವೆ. ಸೀಳುಗಳಲ್ಲಿ ಇಳಿದ ನೀರು ಕಲ್ಲನ್ನು ಗುಂಡುಗುಂಡಾಗಿ ಸುಲಿದು ಗರಸು ಮಾಡುತ್ತದೆ. ಮಡ್ಡಿಯ ತೆಳುಮಣ್ಣು, ತಗ್ಗಿನ ಆಳದ ಎರೆಮಣ್ಣು ಎರಡೂ ಇದೇ ಕಲ್ಲಿನ ಸಂತಾನ.

ಅಧ್ಯಯನದ ಇತಿಹಾಸ

ಈ ಸೀಮೆಯ ಮೊದಲ ವಿಸ್ತಾರ ಭೂವೈಜ್ಞಾನಿಕ ವರದಿಯನ್ನು ರಾಬರ್ಟ್ ಬ್ರೂಸ್ ಫೂಟ್ ಬರೆದರು. ಭಾರತೀಯ ಭೂವೈಜ್ಞಾನಿಕ ಸಮೀಕ್ಷೆ ಅದನ್ನು 1876ರಲ್ಲಿ ಪ್ರಕಟಿಸಿತು. ಗೋಕಾಕದ ಬಳಿ ದೊರೆತ ಖಡ್ಗಮೃಗದ ಪಳೆಯುಳಿಕೆಯನ್ನು ಅವರು 1874ರಲ್ಲೇ ವಿವರಿಸಿದ್ದರು. ನದಿಗಳು ತಂದು ಸುರಿದ ಮಣ್ಣಿನ ಪ್ರಾಚೀನತೆಗೆ ಅದು ಸಾಕ್ಷಿಯಾಯಿತು.

ಕಡಿದಾದ ಅಂಚುಗಳು

ರಾಯಬಾಗದ ದಕ್ಷಿಣಕ್ಕೆ, ಗೋಕಾಕದಲ್ಲಿ ಕಲ್ಲು ಬದಲಾಗುತ್ತದೆ. ಅಲ್ಲಿ ಘಟಪ್ರಭೆ ಗಟ್ಟಿ ಮರಳುಗಲ್ಲಿನ ಅಂಚಿನಿಂದ ಸುಮಾರು 52 ಮೀಟರ್ ಧುಮುಕುತ್ತದೆ. ಸೀಳುಗಳಗುಂಟ ಕಲ್ಲು ಬಂಡೆಬಂಡೆಯಾಗಿ ಕಳಚುವುದರಿಂದ ಗೋಡೆ ನೆಟ್ಟಗೆ ಉಳಿಯುತ್ತದೆ. ಕಡಲತೀರದ ಬಂಡೆಗೋಡೆಗಳಿಗೂ ಇದೇ ನಿಯಮ. ಮಲ್ಪೆ ಸಮೀಪದ ಸೇಂಟ್ ಮೇರೀಸ್ ದ್ವೀಪದಲ್ಲಿ, ಸುಮಾರು 8.8 ಕೋಟಿ ವರ್ಷ ಹಳೆಯ ಲಾವಾ ತಣಿಯುವಾಗ ಮೂಡಿದ ಸೀಳುಗಳೇ ಕಲ್ಲನ್ನು ಕಂಬಗಳಾಗಿ ಒಡೆದಿವೆ. ಅಲೆ ಆ ಸೀಳುಗಳಲ್ಲೇ ನುಗ್ಗುತ್ತದೆ.

ಮಣ್ಣಿನ ದಂಡೆ

ಕೃಷ್ಣೆಯ ತೀರದಲ್ಲಿ ಕರಿಕಲ್ಲು ಬಹುಪಾಲು ಮೆಕ್ಕಲಿನಡಿ ಮುಚ್ಚಿಹೋಗಿದೆ. ಬೇಸಿಗೆಯಲ್ಲಿ ಎರೆ ಆಳವಾಗಿ ಬಿರಿಯುತ್ತದೆ. ಮಳೆನೀರು ಆ ಬಿರುಕುಗಳಲ್ಲಿ ಇಳಿಯುತ್ತದೆ. ಹೊಳೆ ತುಂಬಿದಾಗ ದಂಡೆ ನೀರು ಕುಡಿದು ಭಾರವಾದರೂ ಎದುರಿನ ನೀರಿನ ಒತ್ತಡ ಅದನ್ನು ಹಿಡಿದಿಟ್ಟಿರುತ್ತದೆ. ಹೊಳೆ ಸರ್ರನೆ ಇಳಿದಾಗ ಆಸರೆ ತಪ್ಪುತ್ತದೆ. ಒಳಗಿನ ನೀರು ಹೊರಗೆ ನೂಕುತ್ತದೆ, ದಂಡೆ ಹೋಳುಹೋಳಾಗಿ ಬೀಳುತ್ತದೆ. ಬುಡದ ಮರಳಿನ ಪದರ ಕೊಚ್ಚಿಹೋದಲ್ಲಿ ಮೇಲಿನ ಎರೆ ಚಾಚಿ ನಿಂತು, ಬೆಳೆಸಮೇತ ಮಗುಚುತ್ತದೆ. ತಿರುವಿನ ಹೊರಮೈಯಲ್ಲಿ ಈ ಹಾನಿ ಹೆಚ್ಚು.

ಇಂದಿನ ಸ್ಥಿತಿ

2005, 2019 ಮತ್ತು 2021ರ ಮಹಾಪೂರಗಳಲ್ಲಿ ಈ ತೀರದ ಊರುಗಳೂ ಹೊಲಗಳೂ ಮುಳುಗಿದವು. ಮರಳು ತೋಡಿದಷ್ಟೂ ಪಾತ್ರದ ತಳ ಆಳವಾಗಿ ದಂಡೆಯ ಬುಡ ಬಯಲಾಗುತ್ತದೆ. ಮೇಲ್ಮೈಗೆ ಮಾತ್ರ ಕಲ್ಲು ಹಾಸಿದರೆ ಬುಡ ಕೊರೆದಾಗ ಅದೂ ಜಾರುತ್ತದೆ. ಆದ್ದರಿಂದ ದಂಡೆಯ ರಕ್ಷಣೆ ಬುಡದಿಂದಲೇ ಶುರುವಾಗಬೇಕು. ಒಳಗೆ ನಿಂತ ನೀರು ಬಸಿದುಹೋಗಲು ದಾರಿಯೂ ಇರಬೇಕು.