ಕಟ್ಟದ ಸ್ಥಾವರ, ಕಟ್ಟುವ ಬಿಲ್ಲು: ಮೈಸೂರು ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳಲ್ಲಿ ವಿದ್ಯುತ್ ಯೋಜನಾ ವೆಚ್ಚ

2007ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಚಾಮಲಾಪುರದ ಬಳಿ 1,000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟಬೇಕೆಂಬ ಪ್ರಸ್ತಾವವನ್ನು ರಾಜ್ಯ ಸರ್ಕಾರ ಮುಂದಿಟ್ಟಿತು. ಒಂದು ಕಡೆ ನಾಗರಹೊಳೆ, ಇನ್ನೊಂದು ಕಡೆ ಬಂಡೀಪುರ, ನಡುವೆ ಕಬಿನಿ. ಸುತ್ತಲಿನ ರೈತರು, ಮೈಸೂರಿನ ಪರಿಸರಾಸಕ್ತರು, ಬರಹಗಾರರು, ಗ್ರಾಹಕ ಸಂಘಟನೆಯವರು ಒಟ್ಟಾಗಿ ವಿರೋಧಿಸಿದರು. ಕೊನೆಗೆ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಹೊಲ ಉಳಿಯಿತು, ಹೊಳೆ ಉಳಿಯಿತು. ಆ ಹೋರಾಟದ ಮುಂಚೂಣಿಯಲ್ಲಿದ್ದ ಪ್ರಶ್ನೆಗಳು ಭೂಮಿ, ನೀರು, ಹಾರುಬೂದಿ ಮತ್ತು ಕಾಡಿಗೆ ಸೇರಿದವು. ಈ ಲೇಖನ ಎತ್ತುವ ಪ್ರಶ್ನೆ ಬೇರೆ. ಸ್ಥಾವರವನ್ನು ಬೇಡವೆಂದ ತಾಲ್ಲೂಕುಗಳು ಸ್ಥಾವರದ ವೆಚ್ಚದಿಂದಲೂ ತಪ್ಪಿಸಿಕೊಂಡವೇ? ತಪ್ಪಿಸಿಕೊಳ್ಳಲಿಲ್ಲ ಎಂಬುದು ನನ್ನ ನಿಲುವು. ಕರ್ನಾಟಕದಲ್ಲಿ ಸ್ಥಾವರ ಎಲ್ಲೇ ಎದ್ದರೂ ಅದರ ಸಾಲ, ಬಡ್ಡಿ, ಸವಕಳಿಗಳು ರಾಜ್ಯದ ಎಲ್ಲ ಮೀಟರುಗಳ ಮೇಲೆ ಹಂಚಿಹೋಗುತ್ತವೆ. ಮೀಟರಿನಿಂದ ವಸೂಲಾಗದ ಪಾಲು ರಾಜ್ಯದ ಬೊಕ್ಕಸಕ್ಕೆ ಬಂದು ನಿಲ್ಲುತ್ತದೆ.

ಚಾಮಲಾಪುರದ ಲೆಕ್ಕವನ್ನೇ ಹಾಕಿ ನೋಡೋಣ. 1,000 ಮೆಗಾವಾಟ್‌ನ ಸ್ಥಾವರ ವರ್ಷವಿಡೀ ಶೇ 85ರಷ್ಟು ಸಾಮರ್ಥ್ಯದಲ್ಲಿ ನಡೆದರೆ ಸುಮಾರು 745 ಕೋಟಿ ಯೂನಿಟ್ ವಿದ್ಯುತ್ ಉತ್ಪಾದನೆಯಾಗುತ್ತದೆ. ಯೂನಿಟ್ಟಿಗೆ 700 ಗ್ರಾಂನಂತೆ ಹಿಡಿದರೂ ಇದಕ್ಕೆ ವರ್ಷಕ್ಕೆ 50 ಲಕ್ಷ ಟನ್ನಿಗೂ ಹೆಚ್ಚು ಕಲ್ಲಿದ್ದಲು ಬೇಕು. ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ ತಾಲ್ಲೂಕುಗಳಿಗೆ ಇಂದಿಗೂ ರೈಲಿಲ್ಲ. ಈ ಲೇಖನ ಹೇಳುವ ನಾಲ್ಕು ತಾಲ್ಲೂಕುಗಳಲ್ಲಿ ಆ ಭಾಗ್ಯವಿರುವುದು ಮೈಸೂರು–ಹಾಸನ ಮಾರ್ಗದಲ್ಲಿರುವ ಕೆ.ಆರ್. ನಗರಕ್ಕೆ ಮಾತ್ರ. ರಾಜ್ಯದಲ್ಲಿ ಕಲ್ಲಿದ್ದಲು ಗಣಿಯೂ ಇಲ್ಲ. ಅಂದರೆ ಸಾಗಣೆಯ ವೆಚ್ಚವೂ ಹೊಸ ಹಳಿಯ ವೆಚ್ಚವೂ ದರದಲ್ಲಿ ಸೇರಬೇಕಿತ್ತು. ಇದಕ್ಕಿಂತ ಮುಖ್ಯವಾದದ್ದು ಸ್ಥಿರ ವೆಚ್ಚ. ವಿವರಣೆಗಾಗಿ ಇಂಥ ಸ್ಥಾವರದ ಸಾಲದ ಬಡ್ಡಿ, ಸವಕಳಿ, ಬಂಡವಾಳದ ಮೇಲಿನ ಪ್ರತಿಫಲ ಮತ್ತು ನಿರ್ವಹಣೆ ಎಲ್ಲ ಸೇರಿ ವರ್ಷಕ್ಕೆ 700 ಕೋಟಿ ರೂಪಾಯಿ ಎಂದಿಟ್ಟುಕೊಳ್ಳೋಣ. ಶೇ 85ರಷ್ಟು ಓಡಿದರೆ ಯೂನಿಟ್ಟಿಗೆ 94 ಪೈಸೆ ಬೀಳುತ್ತದೆ. ಶೇ 40ರಷ್ಟೇ ಓಡಿದರೆ ಅದೇ 700 ಕೋಟಿ 350 ಕೋಟಿ ಯೂನಿಟ್ಟುಗಳ ಮೇಲೆ ಹರಡಿ ಎರಡು ರೂಪಾಯಿ ಆಗುತ್ತದೆ. ಕಲ್ಲಿದ್ದಲಿನ ಬೆಲೆ ಇದರ ಮೇಲೆ.

ವಿದ್ಯುತ್ ಖರೀದಿ ಒಪ್ಪಂದದ ಸ್ವರೂಪವೇ ಹೀಗಿದೆ. ಸ್ಥಾವರ ಸಿದ್ಧವಿದ್ದರೆ ಸಾಕು, ವಿತರಣಾ ಕಂಪನಿ ಕರೆಂಟ್ ತೆಗೆದುಕೊಂಡರೂ ಬಿಟ್ಟರೂ ಸ್ಥಿರ ಶುಲ್ಕ ಕೊಡಬೇಕು. ಅದೂ ಬಹುಪಾಲು 25 ವರ್ಷ. ಕಾಮಗಾರಿ ತಡವಾದಷ್ಟೂ ನಿರ್ಮಾಣಾವಧಿಯ ಬಡ್ಡಿ ಅಸಲಿಗೆ ಸೇರಿ ಈ ಶುಲ್ಕ ಬೆಳೆಯುತ್ತದೆ.

ಚಾಮಲಾಪುರದಲ್ಲಿ ಆಗದ್ದು ರಾಯಚೂರಿನ ಯರಮರಸ್‌ನಲ್ಲಿ ಆಯಿತು. ಕರ್ನಾಟಕ ವಿದ್ಯುತ್ ನಿಗಮ, ಬಿಎಚ್‌ಇಎಲ್ ಮತ್ತು ಐಎಫ್‌ಸಿಐ ಸೇರಿ ಕಟ್ಟಿದ ರಾಯಚೂರು ಪವರ್ ಕಾರ್ಪೊರೇಷನ್‌ನ ಅಲ್ಲಿನ ಸ್ಥಾವರದಲ್ಲಿ 800 ಮೆಗಾವಾಟ್‌ನ ಎರಡು ಘಟಕಗಳಿವೆ. ಅವು 2017ರಲ್ಲಿ ವಾಣಿಜ್ಯ ಉತ್ಪಾದನೆಗೆ ಬರುವ ಹೊತ್ತಿಗೆ ಪಾವಗಡದ ಬಯಲಿನಲ್ಲಿ 2,000 ಮೆಗಾವಾಟ್ ಮೀರಿದ ಸೌರ ಪಾರ್ಕ್ ತಯಾರಾಗುತ್ತಿತ್ತು. ಹಗಲಿನ ಸೌರ ವಿದ್ಯುತ್ ಅಗ್ಗವಾಗುತ್ತಾ ಹೋದಂತೆ, ಕಲ್ಲಿದ್ದಲು ಪೂರೈಕೆಯೂ ಸಾಲದೆ, ಯರಮರಸ್ ಮೊದಲ ವರ್ಷಗಳಲ್ಲಿ ಸಾಮರ್ಥ್ಯಕ್ಕಿಂತ ಬಹಳ ಕಡಿಮೆ ಓಡಿತು. 2023ರ ಬರಗಾಲದಲ್ಲಿ ಜಲಾಶಯಗಳು ಬರಿದಾಗಿ ಪಂಪ್‌ಸೆಟ್‌ಗಳ ಬೇಡಿಕೆ ಏರಿದಾಗ ಉಷ್ಣ ಸ್ಥಾವರಗಳ ಅಗತ್ಯ ಎದ್ದು ಕಂಡದ್ದು ನಿಜ. ಅದನ್ನು ಅಲ್ಲಗಳೆಯುವುದು ಪ್ರಾಮಾಣಿಕವಲ್ಲ. ಆದರೆ ಕಷ್ಟಕಾಲಕ್ಕೆ ಬೇಕಾದ ಆಸರೆಗೆ ಎಷ್ಟು ಬೆಲೆ ಎಂಬುದನ್ನು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಕೊಡುವವರಿಗೆ ತಿಳಿಸಬೇಕಿತ್ತು.

ಈ ವೆಚ್ಚ ಹುಣಸೂರಿಗೆ ಬರುವುದು ಹೇಗೆ? ನಾಲ್ಕೂ ತಾಲ್ಲೂಕುಗಳು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ (ಸೆಸ್ಕ್) ವ್ಯಾಪ್ತಿಯಲ್ಲಿವೆ. ಮೈಸೂರು, ಮಂಡ್ಯ, ಹಾಸನ, ಕೊಡಗು, ಚಾಮರಾಜನಗರ ಜಿಲ್ಲೆಗಳ ಈ ನಿಗಮಕ್ಕೆ ಬೆಂಗಳೂರಿನ ಬೆಸ್ಕಾಂಗೆ ಇರುವಷ್ಟು ದೊಡ್ಡ ಕೈಗಾರಿಕಾ, ವಾಣಿಜ್ಯ ಗ್ರಾಹಕರಿಲ್ಲ. ಪಂಪ್‌ಸೆಟ್‌ಗಳ ಪಾಲು ದೊಡ್ಡದು. ವಿತರಣಾ ಕಂಪನಿಗಳು (ಎಸ್ಕಾಂಗಳು) ಬೇರೆ ಬೇರೆಯಾದರೂ ಚಿಲ್ಲರೆ ದರ ರಾಜ್ಯಕ್ಕೆಲ್ಲ ಹೆಚ್ಚುಕಡಿಮೆ ಒಂದೇ. ಯಾವ ಸ್ಥಾವರದ ಎಷ್ಟು ವಿದ್ಯುತ್ ಯಾವ ಎಸ್ಕಾಂಗೆ ಎಂಬ ಹಂಚಿಕೆ ಸರ್ಕಾರದ ಕೈಯಲ್ಲಿದೆ. ಹೀಗಾಗಿ ಶರಾವತಿಯ ಅಗ್ಗದ ಜಲವಿದ್ಯುತ್ತೂ ಯರಮರಸ್‌ನ ದುಬಾರಿ ಸ್ಥಿರ ಶುಲ್ಕವೂ ಒಂದೇ ರಾಶಿಗೆ ಬಿದ್ದು, ಅಲ್ಲಿಂದ ಸರಾಸರಿಯಾಗಿ ಅಳೆದು ಬರುತ್ತವೆ.

ಹುಣಸೂರಿನ ಒಂದು ಹಿಟ್ಟಿನ ಗಿರಣಿಯ ಬಿಲ್ಲನ್ನು ಬಿಡಿಸಿ ನೋಡಿದರೆ ಈ ಹಾದಿ ಕಾಣುತ್ತದೆ. ಮೊದಲ ಸಾಲು ನಿಗದಿತ ಶುಲ್ಕ: ಮೋಟಾರಿನ ಪ್ರತಿ ಅಶ್ವಶಕ್ತಿಗೆ ಇಷ್ಟೆಂದು. ರಾಗಿ ಒಕ್ಕಣೆ ಮುಗಿದ ತಿಂಗಳುಗಳಲ್ಲಿ ಗಿರಣಿ ಬೆಳಗಿನಿಂದ ಸಂಜೆಯವರೆಗೆ ತಿರುಗುತ್ತದೆ. ಜಿಟಿಜಿಟಿ ಮಳೆಯ ಆಷಾಢದಲ್ಲಿ ಅರ್ಧ ದಿನ ಸುಮ್ಮನಿರುತ್ತದೆ. ಎರಡೂ ತಿಂಗಳಿಗೆ ನಿಗದಿತ ಶುಲ್ಕ ಒಂದೇ. ಯರಮರಸ್ ನಿಂತಿದ್ದಾಗಲೂ ಎಸ್ಕಾಂ ಕೊಡಬೇಕಾದ ಶುಲ್ಕದ ಕೊನೆಯ ಕಂತು ಕಟ್ಟುತ್ತಿರುವುದು ಈ ಗಿರಣಿ. ಅದರ ಕೆಳಗೆ ಬಳಸಿದ ಯೂನಿಟ್ಟುಗಳ ಶುಲ್ಕ, ಇಂಧನ ಮತ್ತು ಖರೀದಿ ವೆಚ್ಚದ ಹೊಂದಾಣಿಕೆ, 2025ರ ಏಪ್ರಿಲ್‌ನಿಂದ ಪ್ರಸರಣ ನಿಗಮ ಮತ್ತು ಎಸ್ಕಾಂ ನೌಕರರ ಪಿಂಚಣಿ–ಗ್ರಾಚ್ಯುಟಿಗೆಂದು ಯೂನಿಟ್ಟಿಗೆ ಇಂತಿಷ್ಟು ಪೈಸೆ (2025–26ರಲ್ಲಿ 36), ಕೊನೆಗೆ ಶೇ 9ರ ವಿದ್ಯುತ್ ತೆರಿಗೆ. ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ ಯೋಜನೆ ಗಿರಣಿಗೆ ಅನ್ವಯಿಸುವುದಿಲ್ಲ. ಏರಿದ ದರ ಬೀಸುವ ಕೂಲಿಯಾಗಿ, ಸೇರು ಲೆಕ್ಕದಲ್ಲಿ ರಾಗಿ ತಂದವರ ಕೈಯಿಂದಲೇ ಹೋಗುತ್ತದೆ. ಮನೆಯ ಬಿಲ್ಲು ಸೊನ್ನೆಯಾದ ಹೆಂಗಸು ಗಿರಣಿಯ ಬಾಗಿಲಲ್ಲಿ ಅದೇ ವೆಚ್ಚದ ಒಂದು ಪಾಲನ್ನು ಕೊಟ್ಟು ಬರುತ್ತಾಳೆ.

ಬೊಕ್ಕಸದ ಕಡೆ ತಿರುಗಿದರೆ ಚಿತ್ರ ಇನ್ನೂ ದೊಡ್ಡದು. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್‌ಗಳಿಗೆ 2008ರಿಂದ ವಿದ್ಯುತ್ ಉಚಿತ. 2023ರ ಮೇ ತಿಂಗಳಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಯೂನಿಟ್ಟಿಗೆ ಸರಾಸರಿ 70 ಪೈಸೆ ಏರಿಸಿತು. ಜುಲೈನಿಂದ ಗೃಹಜ್ಯೋತಿ ಜಾರಿಗೆ ಬಂತು. ತಿಂಗಳಿಗೆ 100 ಯೂನಿಟ್ ಬಳಸುವ ಪಿರಿಯಾಪಟ್ಟಣದ ಮನೆಗೆ ಆ ಏರಿಕೆ ಸುಮಾರು 70 ರೂಪಾಯಿ ಆಗುತ್ತಿತ್ತು. ಅದು ಬೇಗನೆ ಸರ್ಕಾರದ ಲೆಕ್ಕಕ್ಕೆ ಜಾರಿತು. 2023–24ರ ಬಜೆಟ್ಟಿನಲ್ಲಿ ಗೃಹಜ್ಯೋತಿಗೆ ವಾರ್ಷಿಕ 13,910 ಕೋಟಿ ರೂಪಾಯಿ ಅಂದಾಜಿಸಲಾಗಿತ್ತು. ಬಡ ಮನೆಗೆ ದೀಪ ಉಚಿತವಾಗಿ ಸಿಗುವುದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಇದರಿಂದ ಹುಟ್ಟುವ ಒಂದು ಪರಿಣಾಮವನ್ನು ವಿದ್ವಾಂಸರು ಸಾಕಷ್ಟು ಗಮನಿಸಿಲ್ಲ: ದುಬಾರಿ ಯೋಜನೆಯೊಂದರ ಸುಳಿವು ಈಗ ಬಹುಪಾಲು ಮತದಾರರ ಮನೆ ಬಿಲ್ಲಿನಲ್ಲಿ ಕಾಣುವುದೇ ಇಲ್ಲ. ದರ ಏರಿದಷ್ಟೂ ಸಹಾಯಧನ ಏರುತ್ತದೆ, ಅದಕ್ಕೆ ಹಣ ಬೇರೆ ಕಾಮಗಾರಿಯಿಂದ ಬರಬೇಕು.

ಹಾಗೆ ಕಡಿತವಾದದ್ದರ ಒಂದು ಉದಾಹರಣೆ ಹೊಲದಲ್ಲೇ ಇದೆ. 2023ರ ಸೆಪ್ಟೆಂಬರ್ ಉತ್ತರಾರ್ಧದ ನಂತರ ಹೊಸ ಪಂಪ್‌ಸೆಟ್ ಸಂಪರ್ಕ ಬೇಕೆಂದರೆ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್‌ಗಳ ಖರ್ಚನ್ನು ರೈತನೇ ಭರಿಸಬೇಕು. ಕೆ.ಆರ್. ನಗರದ ನಾಲೆ ಬಯಲಿನ ಭತ್ತದ ಗದ್ದೆಗೆ ಇದರ ಬಿಸಿ ಕಡಿಮೆ. ಅಲ್ಲಿ ನೀರು ತಾನೇ ಹರಿದು ಬರುತ್ತದೆ. ಹೊಗೆಸೊಪ್ಪು ಬಿಟ್ಟು ಬೇರೆ ಬೆಳೆಗೆ ಹೋಗಿ ಎಂದು ದಶಕಗಳಿಂದ ಹೇಳಿಸಿಕೊಳ್ಳುತ್ತಿರುವ ಹುಣಸೂರು, ಪಿರಿಯಾಪಟ್ಟಣದ ಮಳೆಯಾಶ್ರಿತ ಹೊಲದವನಿಗೆ ಮಾತ್ರ ಇದು ನೇರ ಪೆಟ್ಟು. ಕೊಳವೆಬಾವಿಯಿಲ್ಲದೆ ಬೇರೆ ಬೆಳೆ ಹೇಗೆ? ಹೊಗೆಸೊಪ್ಪು ಹದಮಾಡುವ ಬ್ಯಾರನ್ ಬಿಟ್ಟು ಬಾ ಎನ್ನುವ ಸರ್ಕಾರವೇ ಬದಲಿ ದಾರಿಯ ಮೊದಲ ಮೆಟ್ಟಿಲಿಗೆ ಬೆಲೆ ಹಚ್ಚಿದೆ.

ಕಾನೂನಿನ ಪ್ರಕಾರ ಸಹಾಯಧನ ಎಸ್ಕಾಂಗೆ ಮುಂಗಡವಾಗಿ ಸಲ್ಲಬೇಕು. 2003ರ ವಿದ್ಯುಚ್ಛಕ್ತಿ ಕಾಯ್ದೆಯ 65ನೇ ಕಲಮು ಹೇಳುವುದು ಅದನ್ನೇ. ತಡವಾದಾಗ ಎಸ್ಕಾಂಗಳು ಉತ್ಪಾದಕರಿಗೆ ಬಾಕಿ ಉಳಿಸುತ್ತವೆ, ಕರ್ನಾಟಕ ವಿದ್ಯುತ್ ನಿಗಮಕ್ಕೆ ಸಾವಿರಾರು ಕೋಟಿ ಬರಬೇಕಾಗುತ್ತದೆ, ನಿಗಮ ಮತ್ತೆ ಸಾಲ ಮಾಡುತ್ತದೆ, ಆ ಸಾಲದ ಬಡ್ಡಿ ಮುಂದಿನ ದರದಲ್ಲಿ ಕುಳಿತುಕೊಳ್ಳುತ್ತದೆ. ನಿಗಮಗಳ ಸಾಲಕ್ಕೆ ಸರ್ಕಾರ ಕೊಡುವ ಖಾತರಿಗೆ 1999ರ ಕಾಯ್ದೆ ಮಿತಿ ಹಾಕಿದೆ. ಆದರೆ ಖಾತರಿ ಬಜೆಟ್ಟಿನಲ್ಲಿ ವೆಚ್ಚವಾಗಿ ಕಾಣುವುದಿಲ್ಲ. ನಿಗಮ ಕೈಚೆಲ್ಲಿದ ದಿನ ಕಾಣುತ್ತದೆ.

ಈ ಬಗೆಯ ಹೊರೆ ಹೊರದೇಶಗಳಿಗೂ ಹೊಸದಲ್ಲ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಮತ್ತು ಲ್ಯಾಬ್ರಡಾರ್ ಪ್ರಾಂತ್ಯದಲ್ಲಿ ಮಸ್ಕ್ರಟ್ ಫಾಲ್ಸ್ ಜಲವಿದ್ಯುತ್ ಯೋಜನೆ 2012ರಲ್ಲಿ ಮಂಜೂರಾದಾಗ ಅಂದಾಜು ಸುಮಾರು 740 ಕೋಟಿ ಡಾಲರ್. ಮುಗಿಯುವ ಹೊತ್ತಿಗೆ 1,300 ಕೋಟಿ ದಾಟಿತು. ಮೈಸೂರು ಜಿಲ್ಲೆಯ ಸುಮಾರು ಆರನೇ ಒಂದು ಭಾಗದಷ್ಟೇ ಇರುವ ಜನಸಂಖ್ಯೆ ಅದನ್ನು ಹೊರಬೇಕಾಯಿತು. ದರ ಕೈಮೀರದಂತೆ ತಡೆಯಲು ಕೊನೆಗೆ ಒಕ್ಕೂಟ ಸರ್ಕಾರವೇ ನೆರವಿಗೆ ಬರಬೇಕಾಯಿತು. ನ್ಯಾಯಮೂರ್ತಿ ಲೆಬ್ಲಾಂಕ್ ಅವರ ವಿಚಾರಣಾ ವರದಿ 2020ರಲ್ಲಿ ಬಂತು, ಹಣ ಖರ್ಚಾದ ಮೇಲೆ.

ನಮ್ಮದೇ ನೆಲದಲ್ಲಿ ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜಿಸಿ 1902ರಲ್ಲಿ ಚಾಲನೆಗೊಂಡ ಶಿವನಸಮುದ್ರದ ವಿದ್ಯುದಾಗಾರವನ್ನು ಮೈಸೂರು ಸಂಸ್ಥಾನ ಕಟ್ಟಿದ್ದು ಕೋಲಾರದ ಚಿನ್ನದ ಗಣಿಗಳ ಜೊತೆ ಮೊದಲೇ ಕರಾರು ಮಾಡಿಕೊಂಡು. ಖರೀದಿದಾರ ಯಾರು, ದರವೆಷ್ಟು ಎಂಬುದು ಗೊತ್ತಿದ್ದುದರಿಂದ ಸ್ಥಾವರ ಸುಮ್ಮನಿದ್ದರೆ ಬರುವ ನಷ್ಟ ರೈತನ ತಲೆಗೆ ಬರುವಂತಿರಲಿಲ್ಲ. ವಿದ್ಯುತ್ ಸಂಸ್ಥಾನದ ಬೊಕ್ಕಸಕ್ಕೆ ಆದಾಯ ತರುವ ಬಾಬ್ತಾಯಿತು. ಅದಕ್ಕೂ ಬೆಲೆ ತೆತ್ತವರಿದ್ದರು: ಆ ವಿದ್ಯುದಾಗಾರಕ್ಕೆ ವರ್ಷವಿಡೀ ನೀರು ಒದಗಿಸುವುದೂ ಉದ್ದೇಶವಾಗಿದ್ದ ಕನ್ನಂಬಾಡಿಯ ಹಿನ್ನೀರು ಇಂದಿನ ಕೆ.ಆರ್. ನಗರ ಸೀಮೆಯ ಫಲವತ್ತಾದ ನದಿದಂಡೆಯನ್ನು ಮುಳುಗಿಸಿತು.

ಈಗ ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಬಾಗಿಲಲ್ಲಿದೆ. ಚರ್ಚೆ ಮತ್ತೆ ಕಾಡು ಮತ್ತು ಸಿಂಗಳೀಕದ ಸುತ್ತ ನಡೆಯುತ್ತಿದೆ, ನಡೆಯಲೇಬೇಕು. ಜೊತೆಗೆ ಆಯೋಗ ಇಂಥ ಯಾವುದೇ ಒಪ್ಪಂದಕ್ಕೆ ಒಪ್ಪಿಗೆ ಕೊಡುವ ಮುನ್ನ ಪೂರ್ಣ, ಅರ್ಧ ಮತ್ತು ಕಾಲು ಬಳಕೆಯಲ್ಲಿ ಯೂನಿಟ್ಟಿಗೆ ಎಷ್ಟು ಬೀಳುತ್ತದೆ, ಅದರಲ್ಲಿ ಬೊಕ್ಕಸದ ಪಾಲೆಷ್ಟು ಎಂಬ ತಃಖ್ತೆಯನ್ನು ಕನ್ನಡದಲ್ಲಿ ಪ್ರಕಟಿಸಬೇಕು. ಅದನ್ನು ಸೆಸ್ಕ್‌ನ ಅಹವಾಲು ಸಭೆಯ ಮುಂದಿಡಬೇಕು. ಆ ಸಭೆ ಮೈಸೂರು ನಗರದಲ್ಲಿ ಮಾತ್ರವಲ್ಲ, ಹುಣಸೂರಿನಲ್ಲೂ ಎಚ್.ಡಿ. ಕೋಟೆಯಲ್ಲೂ ನಡೆಯಬೇಕು.