ಫೈಲಿನ ಮೇಲೆ ಅಂಟಿಸುವ ಒಂದು ಚೀಟಿ

ಒಂದೇ ಪಾಯಿಂಟ್ ನೆಟ್‌ವರ್ಕ್ ಇದ್ದಾಗ ಒಂದು ವೆಬ್‌ಸೈಟು ತೆರೆಯುತ್ತದೆ, ಇನ್ನೊಂದು ಬಿಳಿ ಪರದೆ ತೋರಿಸಿ ಸುತ್ತುತ್ತಲೇ ಇರುತ್ತದೆ. ನಾವು ಸಿಮ್ ಕಂಪನಿಗೆ ಬೈಯುತ್ತೇವೆ. ಆದರೆ ಎಷ್ಟೋ ಸಲ ತಪ್ಪು ಟವರಿನದ್ದಲ್ಲ. ಆ ವೆಬ್‌ಸೈಟಿನ ಫೈಲುಗಳನ್ನು ದೂರದ ಗೋದಾಮಿನಲ್ಲಿ ಇಟ್ಟವರು ಕುಗ್ಗಿಸದೆ ಹಾಗೇ ಇಟ್ಟಿರುತ್ತಾರೆ. ಈ ಕುಗ್ಗಿಸುವ ಕೆಲಸಕ್ಕೆ ಸುಮಾರು ಐವತ್ತು ವರ್ಷದ ಇತಿಹಾಸವಿದೆ.

1977ರಲ್ಲಿ ಇಸ್ರೇಲಿನ ಹೈಫಾದ ಟೆಕ್ನಿಯಾನ್ ಸಂಸ್ಥೆಯ ಅಬ್ರಹಾಂ ಲೆಂಪೆಲ್ ಮತ್ತು ಯಾಕೋಬ್ ಜಿವ್ ಒಂದು ಪ್ರಬಂಧ ಪ್ರಕಟಿಸಿದರು. ಅದರ ಉಪಾಯ ಭಜನೆ ಪುಸ್ತಕ ನೋಡಿದವರಿಗೆಲ್ಲ ಗೊತ್ತಿರುವಂಥದ್ದೇ. ಪ್ರತಿ ಚರಣ ಮುಗಿದ ಮೇಲೆ ಪಲ್ಲವಿಯನ್ನು ಪೂರ್ತಿ ಬರೆಯುವುದಿಲ್ಲ. ಮೊದಲ ಪದ ಹಾಕಿ ಬಿಡುತ್ತಾರೆ, ಹಾಡುವವರು ಮೇಲೆ ನೋಡಿ ಹಾಡಿಕೊಳ್ಳುತ್ತಾರೆ. ಕಂಪ್ಯೂಟರಿಗೂ ಅದನ್ನೇ ಕಲಿಸಿದರು. ಬಂದದ್ದೇ ಮತ್ತೆ ಬಂದರೆ ‘ಇಷ್ಟು ಹಿಂದೆ ಹೋಗು, ಅಲ್ಲಿಂದ ಇಷ್ಟು ತೆಗೆದುಕೋ’ ಎಂದಷ್ಟೇ ಬರೆದಿಡುವುದು. ಬಿಚ್ಚಿದಾಗ ಒಂದಕ್ಷರವೂ ಕಳೆದಿರುವುದಿಲ್ಲ.

ಮುಂದೆ ಜಗಳ ಶುರುವಾಯಿತು. ಇವರಿಬ್ಬರ 1978ರ ಇನ್ನೊಂದು ವಿಧಾನವನ್ನು ಟೆರಿ ವೆಲ್ಚ್ ಎಂಬವರು ತಿದ್ದಿ 1984ರಲ್ಲಿ ಪ್ರಕಟಿಸಿದರು. ಅದರ ಪೇಟೆಂಟ್ ಕೊನೆಗೆ ಯುನಿಸಿಸ್ ಕಂಪನಿಯ ಕೈ ಸೇರಿತು. ಜಿಫ್ ಚಿತ್ರಗಳಲ್ಲಿ ಬಳಕೆಯಾಗಿದ್ದು ಇದೇ ವಿಧಾನ. ಎಲ್ಲರೂ ಬಳಸಲು ಶುರುಮಾಡಿ ವರ್ಷಗಳಾದ ಮೇಲೆ, 1994ರ ಕೊನೆಯಲ್ಲಿ, ಜಿಫ್ ಸಾಫ್ಟ್‌ವೇರ್ ಮಾಡುವವರು ದುಡ್ಡು ಕೊಡಬೇಕು ಎಂಬ ಮಾತು ಬಂತು. ಊರವರೆಲ್ಲ ಓಡಾಡುವ ದಾರಿಗೆ ದಿಢೀರನೆ ಗೇಟು ಹಾಕಿದ ಹಾಗೆ.

ಪುಣ್ಯಕ್ಕೆ ಅಷ್ಟರಲ್ಲಿ ಬೇರೆ ದಾರಿ ಸಿದ್ಧವಾಗಿತ್ತು. ಅಮೆರಿಕದ ಮಿಲ್ವಾಕಿಯ ಫಿಲ್ ಕಾಟ್ಜ್ ‘ಡಿಫ್ಲೇಟ್’ ಎಂಬ ವಿಧಾನ ರೂಪಿಸಿ, ಅದರ ವಿವರವನ್ನು ಯಾರು ಬೇಕಾದರೂ ಓದುವಂತೆ ಬರೆದಿಟ್ಟಿದ್ದ. ಅದನ್ನೇ ಹಿಡಿದು ಜಾನ್-ಲೂ ಗೈಯಿ ಮತ್ತು ಮಾರ್ಕ್ ಆಡ್ಲರ್ 1992ರಲ್ಲಿ ‘ಜಿ-ಜಿಪ್’ ಬರೆದು ಉಚಿತವಾಗಿ ಹಂಚಿದರು. ಕಾಟ್ಜ್ 2000ದಲ್ಲಿ ಒಂದು ಮೋಟೆಲಿನ ಕೋಣೆಯಲ್ಲಿ ತೀರಿಕೊಂಡ. ಆಗ ಅವನಿಗೆ 37 ವರ್ಷ.

1997ರಲ್ಲಿ ವೆಬ್‌ನ ನಿಯಮಾವಳಿಯೇ ಇದಕ್ಕೆ ಜಾಗ ಮಾಡಿಕೊಟ್ಟಿತು. ಬ್ರೌಸರ್ ‘ನನಗೆ ಜಿ-ಜಿಪ್ ಬಿಚ್ಚಲು ಬರುತ್ತದೆ’ ಎನ್ನುತ್ತದೆ. ಸರ್ವರ್ ಆ ಕ್ಷಣವೇ ಕುಗ್ಗಿಸಿ, ಮೇಲೊಂದು ಚೀಟಿ ಅಂಟಿಸಿ ಕಳಿಸುತ್ತದೆ. ಚೀಟಿಯ ಹೆಸರು ‘ಕಂಟೆಂಟ್-ಎನ್‌ಕೋಡಿಂಗ್’.

ಇದರಲ್ಲಿ ಕನ್ನಡಕ್ಕೆ ಹೆಚ್ಚಿನ ಲಾಭವಿದೆ. ವೆಬ್‌ನಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ನಮ್ಮ ಒಂದೊಂದು ಅಕ್ಷರ, ಒಂದೊಂದು ಕಾಗುಣಿತದ ಗುರುತಿಗೂ ಮೂರು ಬೈಟ್ ಬೇಕು. ‘ಕನ್ನಡ’ ಎಂದು ಬರೆದರೆ 15 ಬೈಟ್. ಆದರೆ ಆ ಮೂರರಲ್ಲಿ ಮೊದಲ ಬೈಟ್ ಯಾವಾಗಲೂ ಒಂದೇ. ಎರಡನೆಯದು ಎರಡೇ ಬಗೆ. ಪಲ್ಲವಿಯಂತೆ ಮತ್ತೆ ಮತ್ತೆ ಬರುವ ಇಂಥದ್ದನ್ನು ಜಿ-ಜಿಪ್ ಚೆನ್ನಾಗಿ ಮಡಚುತ್ತದೆ.

2006ರ ಮಾರ್ಚ್ 14ರಂದು ಅಮೆಜಾನ್ ‘ಎಸ್-3’ ಎಂಬ ಬಾಡಿಗೆ ಗೋದಾಮು ತೆರೆಯಿತು. ಒಂದು ಜಿಬಿ ಇಡಲು ತಿಂಗಳಿಗೆ 15 ಸೆಂಟ್, ಒಂದು ಜಿಬಿ ಸಾಗಿಸಲು 20 ಸೆಂಟ್. ಸ್ವಂತ ಸರ್ವರ್ ಮೇಲಿನ ಭಾರ ಇಳಿಸಲು ಜನ ತಮ್ಮ ಚಿತ್ರ, ವಿನ್ಯಾಸದ ಫೈಲು, ಸ್ಕ್ರಿಪ್ಟ್ ಎಲ್ಲವನ್ನೂ ಅಲ್ಲಿಗೆ ಸಾಗಿಸಿದರು. ಅಲ್ಲೇ ಎಡವಟ್ಟಾಯಿತು. ಸರ್ವರ್ ಅಡುಗೆಯವನಿದ್ದಂತೆ, ಕೇಳಿದ ಹಾಗೆ ಮಾಡಿ ಬಡಿಸುತ್ತಿತ್ತು. ಗೋದಾಮು ಹಾಗಲ್ಲ. ಇಟ್ಟ ಮೂಟೆಯನ್ನೇ ವಾಪಸ್ ಕೊಡುತ್ತದೆ, ಬ್ರೌಸರ್ ಏನು ಕೇಳಿತೆಂದು ನೋಡುವುದಿಲ್ಲ.

ಹಾಗಾಗಿ ಫೈಲನ್ನು ಮೊದಲೇ ಕುಗ್ಗಿಸಿ, ಚೀಟಿಯನ್ನೂ ತಾನೇ ಅಂಟಿಸಿ ಇಡಬೇಕಾಯಿತು. ಕುಗ್ಗಿಸಿ ಚೀಟಿ ಮರೆತರೆ ಬ್ರೌಸರಿಗೆ ಅರ್ಥವಾಗದ ಕಸ ಸಿಗುತ್ತದೆ. ಪುಟದ ವಿನ್ಯಾಸ ಕಳಚಿ ಬೀಳುತ್ತದೆ, ಬಟನ್ ಒತ್ತಿದರೂ ಏನೂ ಆಗುವುದಿಲ್ಲ. ಈ ತಪ್ಪು ತಕ್ಷಣ ಕಣ್ಣಿಗೆ ಬೀಳುತ್ತದೆ, ಸರಿಯೂ ಆಗುತ್ತದೆ. ಕುಗ್ಗಿಸುವುದನ್ನೇ ಮರೆತರೆ ಮಾತ್ರ ಯಾರಿಗೂ ತಿಳಿಯುವುದಿಲ್ಲ. 900 ಕೆಬಿ ಸ್ಕ್ರಿಪ್ಟು 300 ಕೆಬಿ ಆಗುವ ಬದಲು 900 ಆಗಿಯೇ ಹೊರಡುತ್ತದೆ. ಫೈಬರ್ ಇರುವ ಆಫೀಸಿನಲ್ಲಿ ಕೂತು ಪರೀಕ್ಷಿಸುವವರಿಗೆ ಎರಡೂ ಒಂದೇ. ಉಳಿದ 600 ಕೆಬಿಯನ್ನು ಎಳೆಯುವುದು ನಮ್ಮ ಮೊಬೈಲ್, ನಮ್ಮ ಡೇಟಾದಲ್ಲಿ.

2008ರಲ್ಲಿ ಅಮೆಜಾನ್ ಗೋದಾಮಿನ ಮುಂದೆ ‘ಕ್ಲೌಡ್‌ಫ್ರಂಟ್’ ಎಂಬ ವಿತರಣಾ ಜಾಲ ತಂದಿತು. ಅದು ತಾನಾಗಿ ಕುಗ್ಗಿಸಿ ಕೊಡಲು ಕಲಿತದ್ದು 2015ರ ಡಿಸೆಂಬರಿನಲ್ಲಿ. ಅದೇ ವರ್ಷ ಗೂಗಲ್ ‘ಬ್ರೋಟ್ಲಿ’ ಎಂಬ ಇನ್ನೂ ಬಿಗಿಯಾದ ವಿಧಾನ ಹೊರತಂದಿತು. ಸ್ವಿಸ್ ಬನ್ನಿನ ಹೆಸರಂತೆ ಅದು. 2016ರ ಜೂನ್‌ನಲ್ಲಿ ಅಮೆಜಾನ್ ಗೋದಾಮು ಮುಂಬೈಗೂ ಬಂತು. ಫೈಲು ಸಮುದ್ರ ದಾಟಿ ಬರುವುದು ತಪ್ಪಿತು. ಎಸ್-3 ಮಾತ್ರ ಇವತ್ತಿಗೂ ತಾನಾಗಿ ಏನನ್ನೂ ಕುಗ್ಗಿಸುವುದಿಲ್ಲ. ನೇರವಾಗಿ ಅಲ್ಲಿಂದಲೇ ಹಂಚುವುದಾದರೆ, ಚೀಟಿ ಅಂಟಿಸಬೇಕಾದ್ದು ಫೈಲು ಇಟ್ಟವರೇ.